ಧಾರಾಪುರಂ ಬಸ್ಸಿನ ಮುಂದೆ ನಿಂತವರು

ಮೊಮ್ಮಗ ಸ್ಕೂಟರಿಗೆ ಪೆಟ್ರೋಲು ಹಾಕಿಸುವಾಗ ನಾನು ಹಿಂದೆ ಕೂತು ಆ ವಾಸನೆಯನ್ನು ಎಳೆದುಕೊಳ್ಳುತ್ತೇನೆ. “ಅಜ್ಜೀ, ಇದೇನು ಮಲ್ಲಿಗೆಯಾ?” ಎಂದು ರೇಗಿಸುತ್ತಾನೆ. ಅವನಿಗೇನು ಗೊತ್ತು! ಎಪ್ಪತ್ತರ ನನಗಾಗ ಹತ್ತೊಂಬತ್ತು ವರ್ಷವಾಗಿಬಿಡುತ್ತದೆ. ಸಾವಿರದ ಒಂಬೈನೂರ ಮೂವತ್ತರ ದಶಕದ, ತಮಿಳು ಸೀಮೆಯ ವೆಳ್ಳಕೋಯಿಲಿನಲ್ಲಿ ಧಾರಾಪುರಂ ಬಸ್ಸು ಹೊರಡಲು ಗುರುಗುಟ್ಟುತ್ತಿರುತ್ತದೆ.

ನಾವು ನೇಕಾರರು. ಮದುವೆ ಸೀರೆ ಮಗ್ಗದಿಂದ ಇಳಿದರೆ ಹೆಣ್ಣಿನ ಮನೆ ಮುಟ್ಟುವವರೆಗೂ ನೆಲ ಸೋಕಬಾರದೆಂದು ನಮ್ಮ ಮನೆಯ ಕಟ್ಟಳೆ. ಹೀಗಾಗಿ ಅವತ್ತು ಬಸ್ಸಿನಲ್ಲಿ ಅತ್ತೆಗೊಂದು ಸೀಟು, ನನಗೊಂದು, ನಡುವೆ ಸೀರೆಗಂಟಿಗೂ ಒಂದು. ಆಗ ಮೈ ಕಾದ ಮಗುವನ್ನು ಹೊತ್ತು ಒಬ್ಬ ಹೆಂಗಸು ಹತ್ತಿದಳು. ಧಾರಾಪುರದ ಆಸ್ಪತ್ರೆಗಂತೆ. ಯಾವುದೋ ಹಳ್ಳಿಯ ಚೇರಿಯವಳು, ಊರಾಚೆ ಇಟ್ಟ ಜಾತಿ. ದುಡ್ಡು ಕೊಟ್ಟರೂ ಅಂಥವರಿಗೆ ಸೀಟಿಲ್ಲವೆಂಬುದು ಆಗಿನ ಬಸ್ಸುಗಳ ರೂಢಿ. ಕಂಡಕ್ಟರು ‘ಇರಂಗು, ಇರಂಗು’ ಎಂದು ಇಳಿಸಲು ಹೊರಟ.

ನಾನು ಕನ್ನಡದಲ್ಲಿ ಅತ್ತೆಗೆ ಹೇಳಿದೆ: “ಇಳೀಲಿ ಬಿಡಿ ಅತ್ತೆ, ಸೀರೆ ಮೈಲಿಗೆ ಆಗ್ತದೆ.” ಹೊರಗೆ ತಮಿಳು, ಒಳಗೆ ಕನ್ನಡ ಎಂದು ಬದುಕಿದ ನಮಗೆ ಬಸ್ಸಿನಲ್ಲೂ ಕನ್ನಡವೆಂದರೆ ಬಾಗಿಲು ಹಾಕಿದ ಕೋಣೆ.

ಮುಂದಿನ ಸೀಟಿನಿಂದ ಒಬ್ಬರು ತಿರುಗಿದರು. ಜಿಲ್ಲಾ ಬೋರ್ಡಿನ ಮೆಂಬರು. ಮತ್ತೆ ಚುನಾವಣೆಗೆ ನಿಂತು ಊರೂರು ತಿರುಗುತ್ತಿದ್ದವರು.

“ಏನ್ ತಾಯಿ, ಸೀರೆ ಕೂರೋ ಜಾಗದಲ್ಲಿ ಮನುಷ್ಯರು ಕೂರಬಾರದಾ?”

ನಮ್ಮ ಮನೆಯದೇ ಕನ್ನಡ! ನನ್ನ ಜೀವ ಹಿಡಿಯಷ್ಟಾಯಿತು. ಅವರು ಕೆಳಗಿಳಿದು ಬಸ್ಸಿನ ಮೂತಿಗೆ ಎದುರಾಗಿ ನಿಂತರು. “ಬೋರ್ಡು ರೋಡು ಎಲ್ಲಾರ್ದೂ. ಆಯಮ್ಮ ಕೂರೋವರೆಗೂ ವಂಡಿ ನನ್ನ ಮೇಲೇ ಹೋಗಬೇಕು” ಎಂದು ತಮಿಳಿನಲ್ಲಿ ಕೂಗಿದರು.

ಜಮೀನುದಾರರೊಬ್ಬರು ಕಿಟಕಿಯಿಂದ ತಲೆ ಹಾಕಿದರು: “ನಮ್ಮ ಓಟು ಮರೆತುಬಿಡಿ.”

ಆಗ ಓಟಿದ್ದದ್ದು ತೆರಿಗೆ ಕಟ್ಟುವವರಿಗೆ. ಆ ಹೆಂಗಸಿಗೆ ಇರಲಿಲ್ಲ.

“ಮರೆತೆ. ಆಯಮ್ಮನಿಗೆ ಜಾಗ ಬಿಡಿ” ಎಂದರು ಅವರು.

ಅಷ್ಟು ಸಲೀಸಾಗಿ! ದೊಡ್ಡ ಮನುಷ್ಯನೆಂದರೆ ಏನೆಂದು ಅವತ್ತು ನಾನು ಕಣ್ಣಾರೆ ಕಂಡೆ. ಗಂಟನ್ನು ತೊಡೆಗೆ ಎತ್ತಿಕೊಂಡೆ. ಅವಳು ಕೂತಳು. ಅವರು ಮತ್ತೆ ಹತ್ತಿ, ನಡುದಾರಿಯ ಹಳ್ಳಿಯೊಂದರಲ್ಲಿ ಓಟು ಕೇಳಲು ಇಳಿದರು. ಮಗುವಿನ ಸುಡುವ ಪಾದ ನನ್ನ ತೋಳಿಗೆ ತಾಗುತ್ತಿತ್ತು. ಧಾರಾಪುರದವರೆಗೂ ನಾನು ಸೀರೆಯನ್ನೇ ನೋಡುತ್ತಿದ್ದೆ.

ಅವರು ಸೋತರು. ನಮ್ಮ ಮಾವನವರ ಓಟೂ ಅವರಿಗೆ ಬೀಳಲಿಲ್ಲ. ಕೆಲವು ವಾರದ ಮೇಲೆ ಅವರೇ ನಮ್ಮ ಮನೆಗೆ ಬಂದಾಗ, ಜಗಳಕ್ಕೇ ಬಂದರೆಂದು ಅತ್ತೆ ಅಡುಗೆಮನೆ ಸೇರಿಕೊಂಡರು.

“ಓಟಿನ ಮಾತಿಗೆ ಬರಲಿಲ್ಲಮ್ಮ. ಆ ಮಗು ಹುಷಾರಾಯ್ತಾ? ಪಕ್ಕದಲ್ಲೇ ಕೂತಿದ್ದೆಯಲ್ಲ, ಯಾವೂರು ಅಂತ ಕೇಳಿರ್ತೀಯ.”

ನಾನು ಕೇಳಿರಲಿಲ್ಲ. ಹಾಗೆಂದು ಹೇಳಿದೆ. ಅವರು ಬೈಯಲಿಲ್ಲ, ನೀರು ಕುಡಿದು ಹೋದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈಗ ಬಸ್ಸಿನಲ್ಲಿ ಪಕ್ಕದವರನ್ನು ಯಾವೂರು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳದೆ ನನಗಿರಲಾಗುವುದಿಲ್ಲ. ಮನೆಯವರಿಗೆ ಮುಜುಗರ. ಆ ಮಗುವಿನ ಓರಗೆಯ, ಐವತ್ತರ ಆಸುಪಾಸಿನವರು ಸಿಕ್ಕರಂತೂ, ಚಿಕ್ಕಂದಿನಲ್ಲಿ ಜೋರು ಜ್ವರ ಬಂದಿತ್ತೇ ಎಂದೂ ಕೇಳಿಬಿಡುತ್ತೇನೆ.