ಕೌದಿ ಮ್ಯಾಲಿನ ಘಾಟ್

ರಾಜೇಸಾಬ ಮಾಮಾ ಘಾಟ್ ಇಳಿಯೂದನ್ನ ಕಲತದ್ದು ಹೊರಸಿನ ಮ್ಯಾಲ. ಕೌದಿ ಹಾಸಿ, ಅದರ ಬುಡಕ ಎರಡು ತಲಿದಿಂಬು ತುರುಕಿ, ಮ್ಯಾಲಿಂದ ಅಂಗೈಲೆ ಒತ್ತಿ ಒತ್ತಿ ಮಡಿಕಿ ಮಾಡಿದ್ರಂದ್ರ ಸಹ್ಯಾದ್ರಿ ತಯಾರ. ಆಮ್ಯಾಲ ತುದ್ಯಾಗ ಒಂದು ಕಡ್ಡಿಪೆಟಗಿ ಇಟ್ಟು, ಬಾಯಿಲೇನ ಎಂಜಿನ್ ಸಪ್ಪಳ ಮಾಡ್ಕೋತ, ಮಡಿಕಿ ಹಿಡಕೊಂಡು ಸಾವಕಾಶ ಕೆಳಗ ಇಳಸತಿದ್ರು. ತಿರುವು ಬಂದಲ್ಲಿ ಹಾರ್ನ್. ಲಾರಿ ಬಂದಲ್ಲಿ ಬ್ರೇಕ್. ಲಾರಿ ಅಂದ್ರ ಅವರ ಚಷ್ಮಾದ ಡಬ್ಬಿ, ಅದನ್ನ ಎದುರಿಂದ ಜೋರಾಗಿ ತರೂ ಕೆಲಸ ನಂದು. ನಾ ಒಮ್ಮೊಮ್ಮೆ ಬೇಕಂತನ ರಾಂಗ್ ಸೈಡಿಗೆ ತರತಿದ್ನಿ. ಮಾಮಾಗ ಐವತ್ತೈದು ದಾಟಿತ್ತು, ಗಡ್ಡಕ್ಕ ಮೆಹಂದಿ ಹಚ್ಚತಿದ್ರು, ಧ್ವನಿ ಕೇಳಿದ್ರ ಸ್ಟ್ಯಾಂಡಿನ್ಯಾಗಿನ ನಾಯಿ ಎದ್ದು ಜಾಗಾ ಬಿಡತಿದ್ವು. ಅಂಥಾ ಮನಷ್ಯಾ ಕಡ್ಡಿಪೆಟಗಿ ಕೌದಿಯಿಂದ ನೆಲಕ್ಕ ಬಿತ್ತಂದ್ರ ಎರಡೂ ಕೈಲೆ ತಲಿ ಹಿಡಕೋತಿದ್ರು.

ಬೀಬಿಜಾನ್ ಮಾಮಿ ಬಾಗಲದಾಗ ಸೆರಗು ಹೊದ್ದು ನಿಂತಿರತಿದ್ರು.

"ನಿಮ್ಮ ಗುಡ್ಡಾ ಇಳದು ಮುಗದಿದ್ರ ನನ್ನ ಕೌದಿ ಕೊಡ್ರಿ. ಥಂಡಿ ಹತ್ತೈತಿ."

ಬೈಲಹೊಂಗಲದಾಗ ಅವರ ಮನಿಗೂ ನಮ್ಮ ಮನಿಗೂ ಒಂದ ಗ್ವಾಡಿ. ಆ ಗ್ವಾಡಿಗೆ ಕಿವಿ ಹಚ್ಚೂ ಅವಶ್ಯಕತಾನ ಇರಲಿಲ್ಲ, ಮಾಮಾ ಪಿಸುಗುಟ್ಟಿದ್ರೂ ನಮ್ಮ ಅಡಗಿಮನ್ಯಾಗ ಡಬ್ಬಿ ಅಳಗ್ಯಾಡತಿದ್ವು. ಅವರದು ಮಂದಿ ಹೇರೂ ಒಂದು ಕ್ರೂಸರ್ ಗಾಡಿ. ಬೈಲಹೊಂಗಲದಿಂದ ಸವದತ್ತಿ, ಸವದತ್ತಿಯಿಂದ ರಾಮದುರ್ಗ, ಮತ್ತ ಹೊಳ್ಳಿ ಬರೂದು, ಇದ ಅವರ ಲೈನು. ಎರಿ ಹೊಲದ ನಡಬರಕ ಹಗ್ಗಾ ಎಳದಂಗ ಹೋಗೂ ರಸ್ತಾ ಅದು. ಆ ರಸ್ತಾದಾಗ ಏರು ಅಂದ್ರ ಹಂಪ್ ಹತ್ತೂದು, ಇಳಕಲು ಅಂದ್ರ ಹಂಪ್ ಇಳಿಯೂದು.

ನವಿಲುತೀರ್ಥದ ಹತ್ರ ಮಾತ್ರ ಖರೇ ಇಳಕಲು ಒಂದಿಷ್ಟು ಐತಿ. ಅಲ್ಲಿ ಬಂದ ಕೂಡಲೇ ಮಾಮಾನ ಎಡಗೈ ತಾನ ಹೋಗಿ ಗೇರ್ ನ್ಯೂಟ್ರಲ್ ಮಾಡತಿತ್ತು. ಎಂಜಿನ್ ಸಪ್ಪಳ ಸಣ್ಣದಾಗಿ, ಗಾಡಿ ಗಾಳ್ಯಾಗ ತೇಲಿಕೋತ ಹೊಂಡತಿತ್ತು. ಆವಾಗ ಮಾಮಾ ಒಂದು ಬೆರಳು ಮ್ಯಾಲ ಎತ್ತಿ, ಗಾಡ್ಯಾಗಿನ ಮಂದಿಗೆಲ್ಲಾ ಸುಮ್ಮನಿರ್ರಿ ಅನ್ನೂವಂಗ ಮಾಡಿ, "ಇದು ಅಲ್ಲಾ ಕೊಟ್ಟ ಇಳಕಲು. ಇದಕ್ಕ ಡಿಸೇಲ್ ಸುಡಬಾರದು" ಅಂತಿದ್ರು. ದಿನಾ ಅದ ಮಾತು. ದಿನಾ ಹೋಗೂ ಮಾಸ್ತರ ಒಬ್ಬರು ಮಾಮಾ ಬೆರಳು ಎತ್ತೂಕಿಂತ ಮೊದಲ ತಾವ ಬೆರಳು ಎತ್ತತಿದ್ರು.

ಇಂಥಾ ಸಪಾಟ ಮನಷ್ಯಾಗ ಘಾಟಿನ ಹುಚ್ಚು ಹೆಂಗ ಹತ್ತಿತು ಅಂದ್ರ, ಮಾಮಿ ಸಾವಂತವಾಡಿಯವರು. ಸಾವಂತವಾಡಿ ಅಂದ್ರ ಬೆಳಗಾವಿ ದಾಟಿ, ಅಂಬೋಲಿ ಘಾಟ್ ಇಳದು, ಕೆಳಗ ಕೊಂಕಣದಾಗ. ನಿಖಾ ಆಗೂ ಮುಂದ ಮಾಮಾ ಬಸ್ಸಿನ್ಯಾಗ ಕಣ್ಣು ಮುಚ್ಚಿಕೊಂಡು ಘಾಟ್ ಇಳದಿದ್ರಂತ. ಕೆಳಗ ಹೋಗಿ ಬಿರ್ಯಾನಿ ಊಟ ಆಗಿ ಧೈರ್ಯ ಬಂದ ಮ್ಯಾಲ, ಇನ್ನೊಮ್ಮೆ ನಿಮ್ಮ ಬಾಗಲಕ್ಕ ಬಂದ್ರ ನನ್ನ ಸ್ವಂತ ಗಾಡ್ಯಾಗ, ನಾನ ಹೊಡಕೊಂಡು ನಿಮ್ಮ ಮಗಳನ್ನ ಕರಕೊಂಡು ಬರತೇನಿ ಅಂತ ಮಾಮಿಯ ತಾಯಿಗೆ ಮಾತು ಕೊಟ್ಟಬಿಟ್ರು. ಗಾಡಿ ಬಂತು. ಅದು ಹಳೇದಾಗಿ ಇನ್ನೊಂದು ಬಂತು. ಮಾಮಿ ಮಾತ್ರ ವರ್ಷಾ ವರ್ಷಾ ತವರಿಗೆ ಬಸ್ಸಿನ್ಯಾಗ ಒಬ್ಬರ ಹೋಗಿ, ಕೋಕಂ ಮತ್ತ ಒಣಾ ಮೀನ ತರತಿದ್ರು. ಆ ಮೀನಿನ ವಾಸನಿಗೆ ನಮ್ಮ ಅಜ್ಜಿ ಮೂರು ದಿನಾ ಗ್ವಾಡಿ ಕಡೆ ಮಾರಿ ಮಾಡಿ ಮಲಗತಿರಲಿಲ್ಲ.

ಹಂಗಂತ ಮಾಮಾ ಸುಮ್ಮನ ಕುಂತಿರಲಿಲ್ಲ. ಪ್ಲ್ಯಾನಿಂಗ್ ನಡದ ಇರತಿತ್ತು. ಮಳಿಗಾಲದಾಗ ಗುಡ್ಡಾ ಕುಸೀತೈತಿ, ಬ್ಯಾಡ. ದೀಪಾವಳಿ ಮುಂದ ಗೋವಾಕ್ಕ ಹೋಗೂವರ ಗದ್ದಲ, ಬ್ಯಾಡ. ಥಂಡಿ ನಡುವ ಮಂಜು, ಬ್ಯಾಡ. ಬ್ಯಾಸಗ್ಯಾಗ ಎಂಜಿನ್ ಕಾಯತೈತಿ, ಬ್ಯಾಡ. ಎಲ್ಲಾ ಜರಡಿ ಹಿಡದು ಕಡೀಕ ಉಳೀತಿದ್ದದ್ದು ಥಂಡಿ ಹೋಗೂ ಮುಂದಿನ ಒಂದೆರಡು ವಾರ. ಈಗೀಗ ರಮಜಾನ್ ತಿಂಗಳೂ ಅಲ್ಲೇ ಹತ್ರ ಬರಾಕ ಹತ್ತಿ, ರೋಜಾ ಚಾಲೂ ಆಗೂಕಿಂತ ಮೊದಲ ಹೋಗಬೇಕಂತ ಅದರಾಗೂ ಕಡಿತ ಆತು. ಅಷ್ಟರಾಗ ಕಬ್ಬಿನ ಟ್ರ್ಯಾಕ್ಟರ್ ಎರಡೆರಡು ಟ್ರೇಲಿ ಕಟಗೊಂಡು ರಸ್ತಾದ ತುಂಬ ಓಡಾಡತಿದ್ವು. ಅವು ನಿಂದರಲಿ ಅಂತ ಕಾಯೂದ್ರಾಗ ಬ್ಯಾಸಗಿ ಬಂದುಬಿಡತಿತ್ತು.

ಹ್ವಾದ ವರ್ಷ ಥಂಡಿ ಇಳಿಯೂ ಹೊತ್ತಿಗೆ ಸಾವಂತವಾಡಿಯಿಂದ ಫೋನ್ ಬಂತು. ಮಾಮಿಯ ಅಮ್ಮಿ ಹಾಸಿಗಿ ಹಿಡದಾರ, ಊಟ ಕಮ್ಮಿ ಮಾಡ್ಯಾರ ಅಂತ. ಮಾಮಿ ಅಳಲಿಲ್ಲ. ರೊಟ್ಟಿ ಬಡಿಯೂದು ಬಿಟ್ಟು ಎದ್ದು ಬಂದು ಮಾಮಾನ ಮುಂದ ನಿಂತ್ರು.

"ಈ ಸರ್ತಿ ನಾ ಬಸ್ಸಿನ್ಯಾಗ ಹೋಗಾಂಗಿಲ್ಲ. ಅಮ್ಮಿ ಇರೂದ್ರಾಗ ನಿಮ್ಮ ಗಾಡಿ ಆಕಿ ಬಾಗಲದಾಗ ನಿಂದರಬೇಕು. ಆಗಾಂಗಿಲ್ಲಂದ್ರ ಈಗ ಹೇಳ್ರಿ, ನಾ ಆಸೇನ ಬಿಡತೇನಿ."

ಮಾಮಾ ಹೂಂ ಅಂದ್ರು. ಅವತ್ತಿಂದ ಕೌದಿ ಮ್ಯಾಲ ನಡದದ್ದು ಆಟ ಅಲ್ಲ.

ಮೊದಲ ಯಾವ ಘಾಟ್ ಅನ್ನೂದು ಠರಾವ್ ಆಗಬೇಕಾಗಿತ್ತು. ಚೋರ್ಲಾ ಐತಿ, ತಿಲಾರಿ ಐತಿ, ಅಂಬೋಲಿ ಐತಿ. ನಾ ಫೋನಿನ್ಯಾಗ ಮೂರೂ ತಗದು ತೋರಿಸಿದ್ನಿ. ತಿಲಾರಿ ತಿರುವು ನೋಡಿ ಮಾಮಾ, ಇದು ರಸ್ತಾ ಅಲ್ಲ, ಯಾರೋ ಶ್ಯಾವಿಗಿ ಚೆಲ್ಯಾರ ಅಂತ ಫೋನ್ ಹೊಳ್ಳಿ ಕೊಟ್ರು. ಫೋನಿನ ಮಾತು ನಂಬೂದು ಬ್ಯಾಡ ಅಂತ ಒಂದಿನ ಕಿತ್ತೂರಿಗೆ ಹೋದ್ವಿ, ನಾನೂ ಜೋಡಿ. ಹೈವೇ ಬಾಜೂಕ ಲಾರಿ ನಿಂದರೂ ಚಾದ ಅಂಗಡ್ಯಾಗ ಕುಂತು, ಬಂದ ಡ್ರೈವರ್‌ಗೆಲ್ಲಾ ಚಾ ಕುಡಿಸಿ ಘಾಟಿನ ಸುದ್ದಿ ಕೇಳೂದು. ಕುಡಿಸಿ ಕುಡಿಸಿ ಮಾಮಾನ ಹೊಟ್ಟಿನೂ ಚಾದಲೆ ಗುಳುಗುಳು ಅನ್ನಾಕ ಹತ್ತಿತ್ತು. ಒಬ್ಬ ದಪ್ಪ ಮೀಸಿ ಡ್ರೈವರ್ ಮಾತ್ರ ತಾನ ಹೊಳ್ಳಿ ಪ್ರಶ್ನಿ ಕೇಳಿದ. ಇಳಕಲದಾಗ ನ್ಯೂಟ್ರಲ್ ಮಾಡೂ ಚಟಾ ಐತೇನು ಅಂತ. ಮಾಮಾ ಕಪ್ಪಿನ್ಯಾಗ ನೋಡಿದ್ರು. ಡ್ರೈವರ್ ನಗಲಿಲ್ಲ. ಘಾಟಿನ್ಯಾಗ ಸಣ್ಣ ಗೇರ್ ಹಾಕಿ, ಎಂಜಿನ್ ತಡದಂಗ ಗಾಡಿ ಇಳೀಬೇಕು, ನ್ಯೂಟ್ರಲ್ ಮಾಡಿದ್ರ ಬ್ರೇಕ್ ಕಾದು ಹಿಡಿಯೂದು ಬಿಡತೈತಿ, ಆಮ್ಯಾಲ ಗಾಡಿ ನಿಮ್ಮ ಮಾತು ಕೇಳಾಂಗಿಲ್ಲ ಅಂತ ಹೇಳಿ, ಚಾ ಮುಗಿಸಿ, ಹೋದ.

ಘಾಟ್ ಅಂಬೋಲಿನ ಇರಲಿ, ಆದ್ರ ಮೊದಲ ಪ್ರ್ಯಾಕ್ಟೀಸ್ ಮಾಡೂನು ಅಂದ್ರು ಮಾಮಾ. ನಮ್ಮ ಕಡೆ ಗುಡ್ಡಾ ಅಂದ್ರ ಸವದತ್ತಿ ಎಲ್ಲಮ್ಮನ ಗುಡ್ಡಾ. ಅದನ್ನ ಎರಡನೇ ಗೇರ್‌ನ್ಯಾಗ ಇಳದು ಕೈಗೆ ರೂಢಿ ಮಾಡೂದು. ಆದ್ರ ಖಾಲಿ ಗಾಡಿ ಇಳಿಸಿದ್ರ ಪ್ರ್ಯಾಕ್ಟೀಸ್ ಆಗಾಂಗಿಲ್ಲ, ಲೋಡ್ ಬೇಕು, ಮಂದಿ ಸಿಗೂ ದಿನಾನ ಹೋಗಬೇಕು ಅಂತ ಅವರು ಆರಿಸಿದ್ದು ಯಾವ ದಿನಾ ಗೊತ್ತೇನು? ಭಾರತ ಹುಣ್ಣಿವಿ, ಎಲ್ಲಮ್ಮನ ಜಾತ್ರಿ. ಅವತ್ತು ಆ ಗುಡ್ಡದ ಮ್ಯಾಲ ಇರಿವಿಗೂ ಜಾಗಾ ಸಿಗೂದಿಲ್ಲ. ಚಕ್ಕಡಿ, ಟ್ರ್ಯಾಕ್ಟರ್, ಟೆಂಪೋ, ತಲಿ ಮ್ಯಾಲ ಬುಟ್ಟಿ ಹೊತ್ತವರು. ಏರೂದ್ರಾಗ ಹೊತ್ತು ನೆತ್ತಿಗೆ ಬಂತು.

ಇಳಿಯೂ ಮುಂದ ಮಾಮಾ ಎರಡನೇ ಗೇರ್ ಹಾಕಿದ್ರು, ಬಿಸ್ಮಿಲ್ಲಾ ಅಂದ್ರು. ಗಾಡಿ ತುಂಬ ಭಂಡಾರ ಬಳಕೊಂಡ ಮಂದಿ, ಉಧೋ ಉಧೋ ಅನ್ನಾಕ ಹತ್ತಿದ್ರು. ಮೊದಲನೇ ತಿರುವು ಚಂದ ಆತು. ಎರಡನೇ ತಿರುವಿನ ಇಳಕಲು ಸ್ವಲ್ಪ ಉದ್ದ ಇತ್ತು. ನಾ ನೋಡಾಕ ಹತ್ತಿದ್ನಿ. ಮಾಮಾನ ಕಣ್ಣು ರಸ್ತಾದ ಮ್ಯಾಲ ಇದ್ವು, ಬಾಯಿ ದುವಾ ಹೇಳತಿತ್ತು, ಎಡಗೈ ಮಾತ್ರ ಬ್ಯಾರೆ ಯಾರದೋ ಇದ್ದಂಗ ಸಾವಕಾಶ ಹೋಗಿ ಗೇರ್ ತಗದು ನ್ಯೂಟ್ರಲ್ ಮಾಡಿಬಿಡ್ತು. ಗಾಡಿ ಹಗೂರ ತೇಲಿಕೋತ ಹೋಗಿ ಮುಂದಿನ ಟ್ರ್ಯಾಕ್ಟರಿನ ಟ್ರೇಲಿಗೆ ಮುತ್ತು ಕೊಡ್ತು. ಯಾರಿಗೂ ಏನೂ ಆಗಲಿಲ್ಲ. ಟ್ರೇಲ್ಯಾಗಿನ ಒಬ್ಬಾಕಿ ಮುದಕಿಯ ಮಜ್ಜಿಗಿ ಗಡಗಿ ಉಳ್ಳಿ ನಮ್ಮ ಬಾನೆಟ್ ಮ್ಯಾಲ ಒಡೀತು, ಕಾಚಿನ ತುಂಬ ಮಜ್ಜಿಗಿ. ಮಾಮಾ ವೈಪರ್ ಚಾಲೂ ಮಾಡಿದ್ರು. ಆ ಮುದಕಿ, "ಸಾಬರ, ಕೇಳಿದ್ರ ಕುಡ್ಯಾಕ ನಾನ ಕೊಡತಿದ್ನೆಲ್ರಿ" ಅಂದ್ಲು. ಗುಡ್ಡದ ಮ್ಯಾಲ ಇದ್ದವರೆಲ್ಲಾ ನಕ್ರು ಅಂತ ನಾ ಹೇಳತೇನಿ, ಎತ್ತೂ ನಕ್ಕಂಗ ಕಂಡ್ವು.

ಮಾಮಾ ನಗಲಿಲ್ಲ. ಗಾಡಿ ಬಾಜೂಕ ಹಾಕಿ, ಒಂದು ಕಲ್ಲಿನ ಮ್ಯಾಲ ಕುಂತು, ತಮ್ಮ ಎಡಗೈ ತೊಡಿ ಮ್ಯಾಲ ಇಟಗೊಂಡು ಅದನ್ನ ನೋಡಿಕೋತ ಕುಂತ್ರು. ನನಗ ಏನೂ ಹಾಸ್ಯ ಹೊಳೀಲಿಲ್ಲ, ಅದು ಅಪರೂಪ.

"ಬೇಟಿ, ನನಗ ಘಾಟಿನ ಅಂಜಿಕಿ ಇಲ್ಲ. ಈ ಕೈಯಿನ ಅಂಜಿಕಿ ಐತಿ. ಮೂವತ್ತು ವರ್ಷ ಆತು, ಇದು ನನ್ನ ಕೇಳಿ ಹೋಗೂದಿಲ್ಲ."

ಮನಿಗೆ ಬಂದು ನಾ ಮಾಮಿಗೆ ಎಲ್ಲಾ ಹೇಳಿದ್ನಿ, ಮಜ್ಜಿಗಿ ಸ್ವಲ್ಪ ಹೆಚ್ಚ ಹಾಕಿ. ಮಾಮಿ ಮಜ್ಜಿಗಿಗೆ ನಕ್ರು, ಕೈಯಿನ ಸುದ್ದಿ ಮಾತ್ರ ಇನ್ನೊಮ್ಮೆ ಹೇಳಿಸಿ ಕೇಳಿದ್ರು. ಮರುದಿನ ಮುಂಜಾನಿ ಗಂಟು ಕಟ್ಟಿದ್ರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಮ್ಮಿಗೆ ಒಂದು ಹೊಸಾ ಕೌದಿ. ಫೋನ್ ನೋಡಿ ದಾರಿ ಹೇಳಾಕ ನಾನೂ ಬೇಕು ಅಂದ್ರು. ಪರೀಕ್ಷಾ ಹತ್ರ ಬಂದೈತಿ ಅಂತ ನಮ್ಮವ್ವ ಅಡ್ಡ ಬಂದ್ಲು. ಇದು ಭೂಗೋಳದ ಅಭ್ಯಾಸ ಅಂದ್ನಿ. ನಾ ಕಾಮರ್ಸ್ ಅನ್ನೂದು ಅವ್ವಗ ನೆನಪಾಗೂದ್ರಾಗ ಗಾಡಿ ಬೆಳಗಾವಿ ರಸ್ತಾ ಹಿಡದಿತ್ತು.

ಅಂಬೋಲಿ ಊರು ದಾಟಿ, ಇಳಕಲು ಚಾಲೂ ಆಗೂ ಜಾಗಾದಾಗ ಮಾಮಾ ಗಾಡಿ ನಿಂದರಿಸಿದ್ರು. ಟಾಯರಿಗೆ ಒದ್ದು ನೋಡಿದ್ರು. ರೇಡಿಯೇಟರ್ ನೀರು ನೋಡಿದ್ರು. ಚಾ ಕುಡದ್ರು. ಮತ್ತ ಟಾಯರಿಗೆ ಒದ್ರು. ಕೆಳಗ ಕೊಳ್ಳದಾಗ ಹಾಲಿನಂಗ ಮಂಜು, ಅದು ಕರಗಲಿ ಅಂದ್ರು. ಕರಗಿತು. ಬಿಸಲು ಬೀಳಲಿ ಅಂದ್ರು. ಬಿತ್ತು. ಮುಂದ ನೆಪಾ ಉಳೀಲಿಲ್ಲ. ಅಲ್ಲೇ ನಿಂತು, ಹೊಳ್ಳಿ ಹೋಗೂನು ಬೀಬಿ, ನಿನಗ ಇಲ್ಲಿಂದ ಬಸ್ಸ ಸಿಗತೈತಿ ಅಂದ್ರು. ಕಣ್ಣಾಗ ಕಣ್ಣಿಟ್ಟು ಅನ್ನಲಿಲ್ಲ.

ಮಾಮಿ ಹಿಂದಿನ ಸೀಟಿನಿಂದ ಇಳದು ಬಂದ್ರು. ಮುಂದ ಕುಂತಿದ್ದ ನನ್ನ ಎಬ್ಬಿಸಿ ಹಿಂದ ಹಾಕಿದ್ರು, ತಾವು ಮುಂದ ಕುಂತ್ರು.

"ಯಾವ ಗೇರ್‌ನ್ಯಾಗ ಇಳಿಯೂದು?"

"ಎರಡನೇದ್ರಾಗ."

"ಹಾಕ್ರಿ."

ಮಾಮಾ ಹತ್ತಿ ಕುಂತು, ಚಾಲೂ ಮಾಡಿ, ಹಾಕಿದ್ರು. ಮಾಮಿ ಗೇರಿನ ದಾಂಡಿಗಿಯನ್ನ ಎರಡೂ ಕೈಲೆ ಗಟ್ಟಿ ಹಿಡಕೊಂಡ್ರು, ಎಮ್ಮಿ ಕೋಡು ಹಿಡದಂಗ.

"ಈಗ ನಿಮ್ಮ ಕೈ ಎಲ್ಲಿ ಹೊಕ್ಕೈತಿ ನೋಡೂನು. ಹೊಡೀರಿ."

ಇಳದ್ವಿ. ಎಂಜಿನ್ ಒದರತಿತ್ತು. ನಮ್ಮ ಹಿಂದ ಸಾಲು ಹತ್ತಿದ ಗಾಡಿಯವರು ಹಾರ್ನ್ ಹೊಡದು ಹೊಡದು ದಣದು ಬಿಟ್ರು. ಒಂದು ಮಂಗ್ಯಾ ಸುಮಾರು ಹೊತ್ತು ನಮ್ಮ ಬಾಜೂಕ ನಡಕೋತ ಬಂದು, ಬ್ಯಾಸರಾಗಿ ಮುಂದ ಹೋತು. ಇಳಕಲು ಉದ್ದ ಆದಲ್ಲೆಲ್ಲಾ ಮಾಮಾನ ಎಡಗೈ ಸ್ಟೇರಿಂಗ್ ಬಿಟ್ಟು ಸಾವಕಾಶ ಬರತಿತ್ತು, ಮಾಮಿಯ ಬಳಿಗೆ ಬಡೀತಿತ್ತು, ಬಳಿ ಝಲ್ ಅಂದಕೂಡಲೇ ಹೊಳ್ಳಿ ಹೋಗತಿತ್ತು. ನಾ ಫೋನಿನ್ಯಾಗ ದಾರಿ ನೋಡೂದು ಬಿಟ್ಟು ಆ ಬಳಿ ಸಪ್ಪಳ ಕೇಳಿಕೋತ ಕುಂತ್ನಿ. ಕೆಳಗ ಸಪಾಟ ರಸ್ತಾ ಬಂದ ಮ್ಯಾಲೂ ಮಾಮಿ ಕೈ ತಗೀಲಿಲ್ಲ, ತಗೀ ಅಂತ ಮಾಮಾನೂ ಅನ್ನಲಿಲ್ಲ. ಸಾವಂತವಾಡಿ ತನಕಾ ಎರಡನೇ ಗೇರ್‌ನ್ಯಾಗ ಹೋದ್ವಿ. ಸೈಕಲ್ ಮ್ಯಾಲಿನ ಹುಡುಗರು ನಮ್ಮನ್ನ ಓವರ್‌ಟೇಕ್ ಮಾಡಿದ್ರು.

ಮನಿಮಂದಿ ಅಮ್ಮಿಯನ್ನ ಕುರ್ಚಿ ಸಮೇತ ಎತ್ತಿ ಬಾಗಲಕ್ಕ ತಂದ್ರು. ಹಕ್ಕಿಯಷ್ಟ ಇದ್ರು. ಗಾಡಿ ನೋಡಿದ್ರು, ಅಳಿಯಾನ ಗಡ್ಡ ನೋಡಿದ್ರು, ಏನೋ ಸಣ್ಣ ದನಿಲೆ ಕೇಳಿದ್ರು. ನನಗ ತಿಳೀಲಿಲ್ಲ, ಮಾಮಿ ಬಿಡಿಸಿ ಹೇಳಿದ್ರು: "ಇಷ್ಟ್ಯಾಕ ತಡಾ ಆತು, ದಾರ್ಯಾಗ ಗದ್ದಲ ಇತ್ತೇನು ಅಂತ ಕೇಳಾಕ ಹತ್ಯಾಳ."

ಮಾಮಾ ಟೋಪಿ ಸರಿ ಮಾಡಿಕೊಂಡು, ಸ್ವಲ್ಪ ಇತ್ರಿ ಅಂದ್ರು.

ಎರಡು ದಿನಾ ಬಿಟ್ಟು ಪರೀಕ್ಷಾಕ್ಕಂತ ನಾ ಹೊಂಟ್ನಿ. ಮಾಮಿ ಅಮ್ಮಿ ಸೇವಾಕ್ಕ ಉಳದ್ರು. ಬಸ್ ಸ್ಟ್ಯಾಂಡಿಗೆ ಮಾಮಾ ಕಳಸಾಕ ಬಂದಿದ್ರು. ನೀವೂ ಬರ್ರಿ ಮಾಮಾ, ಏರೂದ್ರಾಗ ಏನೂ ಅಂಜಿಕಿ ಇಲ್ಲ, ಏರಿಗೆ ನ್ಯೂಟ್ರಲ್ ಮಾಡಾಕ ನಿಮ್ಮ ಕೈಗೂ ಹುಚ್ಚು ಹಿಡದಿಲ್ಲ ಅಂದ್ನಿ. ಅವರು ಬಸ್ಸಿನ ಟಾಯರಿಗೆ ಒಂದು ಒದ್ದು, ರಸ್ತಾ ಹೆಂಗೈತಿ ನೋಡ್ಕೋತ ಹೋಗಿ ಫೋನ್ ಮಾಡು ಅಂದ್ರು. ನಾ ಘಾಟ್ ಪೂರಾ ಮಲಗಿದ್ನಿ. ಬೆಳಗಾವ್ಯಾಗ ಎದ್ದು, ರಸ್ತಾ ಭಾಳ ಕೆಟ್ಟೈತ್ರಿ ಅಂತ ಫೋನ್ ಮಾಡಿದ್ನಿ. ಮಾಮಾನ ದನಿಯೊಳಗ ಸಮಾಧಾನ ಕೇಳಿಸಿತು.

ಆ ಬಸ್ ಸ್ಟ್ಯಾಂಡಿನ್ಯಾಗ ಆದದ್ದ ಕಡೀ ಭೇಟಿ, ಮಾಮಾ ಇನ್ನೂ ಹೊಳ್ಳಿ ಬಂದಿಲ್ಲ. ರಮಜಾನ್ ಹೋತು, ಮಳಿ ಬಂತು, ಅವರ ಲೈನಿಗೆ ಬ್ಯಾರೆಯವರ ಗಾಡಿ ಹತ್ತಿತು. ಗ್ವಾಡಿ ಆ ಕಡೆ ಸಪ್ಪಳಿಲ್ಲ, ನಮ್ಮ ಡಬ್ಬಿ ಅಳಗ್ಯಾಡೂದು ನಿಂತೈತಿ. ಫೋನ್ ಮಾಡಿದ್ರ ಪ್ಲ್ಯಾನಿಂಗ್ ಹೇಳತಾರ, ಮಳಿ ನಿಂದರಲಿ, ಮಂಜು ಹೋಗಲಿ ಅಂತ. ಅಮ್ಮಿ ಈಗ ಗ್ವಾಡಿ ಹಿಡದು ಅಡ್ಡಾಡತಾರಂತ. ಮುಂಜಾನಿ ಎದ್ದು ತಾವ ಹೋಗಿ ಗಾಡ್ಯಾಗ ಕುಂದರತಾರಂತ, ಊರ ನಡುವಿನ ಕೆರಿ ಸುತ್ತ ಒಂದು ಸುತ್ತು ಹೊಡಿಯೂತನಕಾ ಇಳಿಯೂದಿಲ್ಲಂತ. ಆ ಕೆರಿ ರಸ್ತಾ ನಾ ನೋಡೇನಿ, ಗಂಗಾಳದಷ್ಟು ಸಪಾಟ. ಮಾಮಿ ಏನ್ ಮಾಡತಾರ್ರಿ ಅಂತ ಕೇಳಿದ್ನಿ.

"ಮುಂದ ಕುಂತಿರತಾಳ," ಅಂದ್ರು ಮಾಮಾ. "ಮತ್ತ ಗೇರ್ ಯಾರ ಹಿಡೀಬೇಕು?"