ಹಸಿದ ಕೌದಿಯ ಫಕೀರವ್ವ

...ಅಥವಾ ಅವಳು ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಹೊಲಿದ ಆ ಕೌದಿಯನ್ನು ತಲೆಯ ಮೇಲೆ ಹೊತ್ತು ತಂದಿರಲೇ ಇಲ್ಲವೇನೋ. ಬಗಲಲ್ಲಿ ಅವುಚಿಕೊಂಡಿದ್ದಳೇ? ಫೋಟೋದಲ್ಲಿ ತಲೆಯ ಮೇಲಿದೆ. ಫೋಟೋಗಾಗಿ ಹಾಗೆ ಹೊರಿಸಿದವನು ನಾನೇ ಇರಬಹುದು. ಗದುಗಿನ ಒಂದು ಖಾಸಗಿ ವಸ್ತುಸಂಗ್ರಹಾಲಯದಲ್ಲಿ ನನ್ನ ಕೆಲಸವೇ ಅದು: ಸುತ್ತಲಿನ ಹಳ್ಳಿಗಳ ಜನರನ್ನು ಕಲೆಯ ಹತ್ತಿರ ತರುವುದು, ತಂದದ್ದಕ್ಕೆ ಫೋಟೋ ಇಡುವುದು.

ಅಡರಕಟ್ಟಿಯ ಫಕೀರವ್ವನ ಬಗ್ಗೆ ಖಚಿತವಾಗಿ ನೆನಪಿರುವುದು ಅವಳ ಬೆರಳುಗಳು. ಎದುರಿಗಿದ್ದವರ ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡದೆ ಅವಳು ಮಾತು ಶುರುಮಾಡುತ್ತಿರಲಿಲ್ಲ. ನಮ್ಮ ನಿರ್ದೇಶಕಿಯ ಸೆರಗನ್ನೂ ಹಾಗೇ ತಿಕ್ಕಿ, "ಅಕ್ಕಾರ, ಇದು ಹರದ ಮ್ಯಾಲೆ ಚೆಲ್ಲಬ್ಯಾಡ್ರಿ, ನನಗ ಕೊಡ್ರಿ. ಕೌದಿಗೆ ಚಲೋ ಬರ್ತೈತಿ" ಎಂದಳು. ವರದಿಯಲ್ಲಿ ಅದನ್ನು 'ಸಂವಾದ' ಎಂದು ಬರೆದೆ.

ನಮ್ಮಲ್ಲಿ ಸಮುದಾಯ ಎಂದರೆ ಕುರ್ಚಿ ಸಿಗದವರು. ಉದ್ಘಾಟನೆಯ ದಿನ ಸಮುದಾಯ ಜಮಖಾನೆಯ ಮೇಲೆ ಕುಳಿತಿತ್ತು. "ನೀವೇ ಸಮುದಾಯ, ಇದೆಲ್ಲ ನಿಮ್ಮದೇ" ಎಂದು ನಿರ್ದೇಶಕಿ ಮೈಕಿನಲ್ಲಿ ಹೇಳಿದರು. ಕೌದಿ ಆಗಲೇ ಗಾಜಿನ ಕಪಾಟು ಸೇರಿತ್ತು. ಕೆಳಗಿನ ಬೋರ್ಡನ್ನು ನನ್ನಿಂದ ಓದಿಸಿಕೊಂಡ ಫಕೀರವ್ವ ಹೇಳಿದಳು: "ಮುಟ್ಟಬ್ಯಾಡ ಅನ್ನೂದು ನಮಗೇನ್ ಹೊಸಾದಲ್ಲ ಬಿಡು ತಮ್ಮಾ. ಪಾಪ, ಕೌದಿಗೆ ಹೊಸಾದು."

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅವಳು ಒಳಗೊಂದು ಜೋಳದ ರೊಟ್ಟಿಯ ಚೂರು ಇಟ್ಟು ಹೊಲಿಯುತ್ತಿದ್ದಳು. "ಹೊಟ್ಟಿ ಹಸದ ಕೌದಿ ಹೊದ್ದರ ನಿದ್ದಿ ಹತ್ತೂದಿಲ್ಲ" ಎನ್ನುತ್ತಿದ್ದಳು. ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆಸಿದೆವು. ಕೆಲವೇ ದಿನಗಳಲ್ಲಿ ಕಪಾಟಿನೊಳಗೆ ಇರುವೆಗಳು ಸಾಲುಗಟ್ಟಿದವು. ನಿರ್ದೇಶಕಿ ಹೇಳಿದರು, ನಾನು ಮೂಲೆ ಬಿಚ್ಚಿ ರೊಟ್ಟಿ ತೆಗೆದು ಎಸೆದೆ. ಗೋಡೆಯ ಮಾತು ಹಾಗೇ ಉಳಿಯಿತು.

ಮುಂದೊಂದು ದಿನ ಅವಳು ಕರೆಯದೆ ಬಂದಳು. ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳಂತೆ. ಆ ಕೌದಿಯಲ್ಲಿದ್ದದ್ದು ಫಕೀರವ್ವನ ತಾಯಿಯ ಸೀರೆಗಳು. ಹುಟ್ಟುವ ಕೂಸು ಅದರ ಮೇಲೇ ಮಲಗಬೇಕು.

"ಮಂದಿಗೆ ತೋರಸಾಕ ಅಂತ ಒಯ್ದಿದ್ರಿ. ತೋರಸಿದ್ದು ಆತಲ್ಲ, ಇನ್ನ ಕೊಡ್ರಿ."

ನಿರ್ದೇಶಕಿ ಮೃದುವಾಗಿ ಹೇಳಿದರು: "ಅದೀಗ ಸಮುದಾಯದ ಆಸ್ತಿ ಅಮ್ಮಾ. ಯಾರೋ ಒಬ್ಬರಿಗೆ ಕೊಡಲಿಕ್ಕೆ ಬರುವುದಿಲ್ಲ."

"ಸಮುದಾಯ ಅಂದ್ರ ನಾವ ಅಂತ ಆವತ್ತ ಮೈಕಿನ್ಯಾಗ ಹೇಳಿದ್ರಲ್ಲ, ಅಕ್ಕಾರ?"

ನಿರ್ದೇಶಕಿ ಫಾರ್ಮು ತರಿಸಿದರು. 'ದಾನ' ಎಂಬ ಪದದ ಕೆಳಗೆ ಫಕೀರವ್ವನ ಹೆಬ್ಬೆಟ್ಟಿತ್ತು. ತುಂಬಿದ ಅಕ್ಷರ ನನ್ನದು.

ಅವಳು ಫಾರ್ಮು ನೋಡಲಿಲ್ಲ. ಕಪಾಟಿನ ಹತ್ತಿರ ಹೋಗಿ ಬಿಚ್ಚಿದ ಮೂಲೆ ನೋಡಿದಳು. "ರೊಟ್ಟಿ ಎಲ್ಲಿ?"

ಇರುವೆಯ ವಿಷಯ ಹೇಳಿದೆ.

"ತಿಂದ್ರ ತಿನ್ಲಿ ಅಂತ ಬಿಡಬೇಕಿತ್ತಲ್ಲೋ. ಇರಿವಿ ಏನ್ ಸಮುದಾಯ ಅಲ್ಲೇನು?"

ಆಮೇಲೆ ತಗ್ಗಿದ ದನಿಯಲ್ಲಿ, ಮೂಲೆಯನ್ನಾದರೂ ಹೊಲಿದು ತರುತ್ತೇನೆ, ಒಂದು ವಾರ ಕೊಡಿ ಎಂದಳು. ಹಣ ಕೊಡುವ ಅತಿಥಿಗಳು ಬರುವವರಿದ್ದರು, ಬಿಚ್ಚಿದ ಮೂಲೆ ಅಸಹ್ಯ ಕಾಣುತ್ತಿತ್ತು. ನಿರ್ದೇಶಕಿ ಒಪ್ಪಿದರು.

ಎಂಟನೆಯ ದಿನ ಮಡಿಸಿದ ಕೌದಿಯನ್ನು ತಂದು ತಾನೇ ಕಪಾಟಿನಲ್ಲಿಟ್ಟಳು. ಹೆಣ್ಣು ಕೂಸು ಎಂದಷ್ಟೇ ಹೇಳಿದಳು. ಅಂದು ನನ್ನ ಅಂಗಿಯನ್ನು ತಿಕ್ಕಿ ನೋಡಲಿಲ್ಲ. ಮತ್ತೆ ಯಾವ ಕಾರ್ಯಕ್ರಮಕ್ಕೂ ಬಂದಿಲ್ಲ. ಬಂದ ಅತಿಥಿಗಳು ಮಾತ್ರ ಕೌದಿಯ 'ಮಣ್ಣಿನ ಸೊಗಡ'ನ್ನು ಗಾಜಿನ ಆಚೆಯಿಂದಲೇ ಮೂಸಿ ಮೆಚ್ಚಿದರು.

ಅಂದಿನಿಂದ ಕಪಾಟಿನಲ್ಲಿ ಒಂದೂ ಇರುವೆ ಕಂಡಿಲ್ಲ. ಹಳೆಯ ಫೋಟೋದಲ್ಲಿ ನಡುವಿನ ತುಂಡು ನೀಲಿ, ಈಗ ಇರುವುದು ಹಸಿರು ಎನಿಸುತ್ತದೆ; ಆದರೆ ಫೋಟೋಗಳನ್ನು ನಾನು ಹೇಗೆ ತೆಗೆಯುತ್ತೇನೆಂದು ಆಗಲೇ ಹೇಳಿದೆನಲ್ಲ. ಇದು ಅವಳ ತಾಯಿಯ ಸೀರೆಯ ಕೌದಿಯೋ, ಅದನ್ನು ಕೂಸಿನ ಕೆಳಗೆ ಹಾಸಿ ಅದರ ಬದಲು ನಮಗೆ ತಂದಿಟ್ಟ ಬೇರೆಯದೋ, ಮೂಲೆ ಹಿಸುಕಿ ನೋಡಿದರೆ ತಿಳಿದೀತು. ಅದೇ ಕೌದಿಯಾದರೆ ಮೂಲೆ ಹೊಲಿಯುವಾಗ ಮತ್ತೆ ರೊಟ್ಟಿ ಇಟ್ಟಿರುತ್ತಾಳೆ; ನಮಗೆಂದು ಹೊಲಿದದ್ದಕ್ಕೆ ಇಟ್ಟಿರಲಾರಳು. ಕೀಲಿ ನನ್ನ ಬಳಿಯೇ ಇದೆ. ತೆರೆದಿಲ್ಲ.

ಹೆಬ್ಬೆಟ್ಟು ಒತ್ತಿಸುವ ಮೊದಲು ಆ ಫಾರ್ಮನ್ನು ಅವಳಿಗೆ ಓದಿ ಹೇಳಿದ್ದೆನೇ? ಅದೂ ನನಗೆ ಗೊತ್ತಿಲ್ಲ.