ಶಟರಿನೊಳಗೆ ಶುಕ್ರವಾರದ ದೀಪ

ನನ್ನ ಹೊಲಿಗೆ ಅಂಗಡಿಯ ಎದುರು, ಗುರುವಾಯನಕೆರೆ ರಸ್ತೆಯ ಆಚೆ ಬದಿಯಲ್ಲಿ, ಲೋಕನಾಥರ ಪೌಡರ್ ಕೋಟಿಂಗ್ ಶೆಡ್ ಇದೆ. ಗೇಟು, ಗ್ರಿಲ್ಲುಗಳು ಅಲ್ಲಿಗೆ ಬೋಳಾಗಿ ಬಂದು ಮದುಮಗಳ ಹಾಗೆ ಹೊರಡುತ್ತವೆ. ಬಣ್ಣದ ಪುಡಿ ಹಿಡಿಯಬೇಕಾದರೆ ಮೊದಲು ಕಬ್ಬಿಣದ ಜಿಡ್ಡನ್ನು ಥಿನ್ನರ್ ಬಟ್ಟೆಯಿಂದ ಒರೆಸಬೇಕು; ಥಿನ್ನರ್ ಎಂದರೆ ಪೆಟ್ರೋಲಿನ ಹಾಗೆ ಕಿಡಿ ತಾಗಿದರೆ ಹೊತ್ತುವಂಥದ್ದು. ಒರೆಸುವವಳು ಚಿತ್ರಾ, ಲೋಕನಾಥರ ತಮ್ಮನ ಹೆಂಡತಿ. ಗಂಡ ಮಸ್ಕತ್‌ನಲ್ಲಿ. ಕೂಲಿಯವಳಾಗಿದ್ದರೆ ಎಂದೋ ಬಿಟ್ಟು ಹೋಗುತ್ತಿದ್ದಳು. ಮನೆಯ ಸೊಸೆ ಎಲ್ಲಿಗೆ ಹೋಗುತ್ತಾಳೆ?

ಮೊದಲು ಆ ಕೆಲಸ ಅಂಗಳದಲ್ಲಿ ನಡೆಯುತ್ತಿತ್ತು. ಹೆದ್ದಾರಿ ಅಗಲ ಮಾಡಲು ಶುರುವಾದ ಮೇಲೆ ಕೆಂಪು ಧೂಳು. ಲೋಕನಾಥರು ಎಲ್ಲವನ್ನೂ ಒಳಗೆ ತಂದು ಶಟರ್ ಎಳೆದರು. ಫ್ಯಾನ್ ಹಾಕಿದರೆ ಪುಡಿ ಹಾರುತ್ತದೆಂದು ಅದೂ ಬಂದ್. ಚಿತ್ರಾಳಿಗೆ ತಲೆನೋವು ಹಿಡಿಯಿತು, ಅಂಗೈ ಬಿರಿಯಿತು.

"ಈಗ ಪರವಾಗಿಲ್ಲ ಅಕ್ಕ, ವಾಸನೆಯೇ ಬರುವುದಿಲ್ಲ" ಎಂದಳು ಒಮ್ಮೆ, ರವಿಕೆ ಅಳತೆಗೆ ಬಂದಾಗ. ನನ್ನ ಅಂಗಡಿಯಿಡೀ ಥಿನ್ನರ್ ನಾರುತ್ತಿತ್ತು.

"ವಾಸನೆ ಹೋದದ್ದಲ್ಲ ಮಾರಾಯ್ತಿ, ನಿನ್ನ ಮೂಗು ಹೋದದ್ದು" ಎಂದು ಬೈದೆ. ಬೈದು ಏನು ಬಂತು? ಅವಳು ಭಾವನಿಗೆ ಹೇಳದೆ ಇರಲಿಲ್ಲ. ಡಬ್ಬಿಗೆ ಮುಚ್ಚಳ ಹಾಕುವ, ಒರೆಸಿದ ಬಟ್ಟೆ ಹಾಕಲು ಮುಚ್ಚಳದ ತಗಡಿನ ಡಬ್ಬ ತರುವ, ಒಳಗಿನ ಗಾಳಿ ಹೊರಗೆ ಎಳೆಯುವ ಫ್ಯಾನ್ ಗೋಡೆಗೆ ಇಡಿಸುವ, ಕೈಗೆ ಗವಸು ಬೇಕು ಎಂದೆಲ್ಲ ಹೇಳಿದ್ದಳು. "ನೋಡುವ" ಎಂದಿದ್ದರು ಲೋಕನಾಥರು. ನಮ್ಮ ಕಡೆ ಗಂಡಸರು "ನೋಡುವ" ಎಂದರೆ ಆ ವಿಷಯ ಅಲ್ಲಿಗೆ ಮುಗಿಯಿತು.

ಪ್ರತಿ ಶುಕ್ರವಾರ ಸಂಜೆ ಶೆಡ್ಡಿನಲ್ಲಿ ಪೂಜೆ. ಯಂತ್ರಕ್ಕೆ ಕುಂಕುಮ, ಗಣಪತಿ ಪಟಕ್ಕೆ ಹೂವು, ದೀಪ, ಕರ್ಪೂರ. ಯಾವಾಗಲೂ ಆ ಹೊತ್ತಿಗೆ ಶಟರ್ ಎತ್ತುತ್ತಿದ್ದರು. ಒಂದು ಶುಕ್ರವಾರ ಪುಡಿ ಹೊಡೆದ ಗೇಟೊಂದು, ಪುಡಿ ಕರಗಿಸಿ ಅಂಟಿಸುವ ಒಲೆಗೆ ಇನ್ನೂ ಹೋಗದೆ ನಿಂತಿತ್ತು. ಗಾಳಿಗೆ ಪುಡಿ ಉದುರಬಾರದೆಂದು ಶಟರ್ ಎತ್ತಲಿಲ್ಲ. ಮುಂದಿನದನ್ನು ಚಿತ್ರಾಳೇ ನನಗೆ ಹೇಳಿದ್ದು.

ಪೂಜೆಯೆಂದು ಅವಳು ಚಪ್ಪಲಿ ಬಿಟ್ಟಳು. ಬೆಂಕಿಪೆಟ್ಟಿಗೆ ಹಿಡಿದು ಭಾವನ ಪಕ್ಕ ನಿಂತಳು. ಅಂಗಾಲಿಗೆ ತಣ್ಣಗಾಯಿತು, ಐಸ್ ಮೆಟ್ಟಿದ ಹಾಗೆ. ಕೆಳಗೆ ನೋಡಿದರೆ ನೆಲ ಒದ್ದೆ. ಪಟದ ಕೆಳಗಿನ ಥಿನ್ನರ್ ಡಬ್ಬಿ ಮಗುಚಿ ಮಲಗಿತ್ತು. ಮೂಗಿಗೆ ಏನೂ ಗೊತ್ತಾಗಿರಲಿಲ್ಲ. ಲೋಕನಾಥರು ಕೈ ಚಾಚಿದ್ದರು.

"ಕೊಡುವುದಿಲ್ಲ ಭಾವ. ನೆಲದಲ್ಲಿ ಥಿನ್ನರ್ ಉಂಟು. ಮೊದಲು ಶಟರ್ ಎತ್ತಿ."

"ದೇವರ ಮುಂದೆ ನಿಂತು ಹೀಗೆಲ್ಲ ಮಾತಾಡ್ತೀಯಾ? ಕೊಡು ಇಲ್ಲಿ."

ಮದುವೆಯಾದಂದಿನಿಂದ ಅವಳು ಭಾವನಿಗೆ ಎದುರಾಡಿದವಳಲ್ಲ. ಪೆಟ್ಟಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಲೋಕನಾಥರು ಬಗ್ಗಿ ನೆಲ ಮುಟ್ಟಿ ಬೆರಳು ಮೂಸಿದರು. ಶಟರಿನ ಕಡೆಗೆ ಓಡಿದರು.

ಶಟರ್ ಧಡಾರನೆ ಎದ್ದದ್ದು ನನಗೂ ಕೇಳಿಸಿತು. ಇಬ್ಬರೂ ರಸ್ತೆ ಬದಿಗೆ ಬಂದು ನಿಂತಿದ್ದರು. ಲೋಕನಾಥರಿಗೆ ಕೊನೆಗೆ ಬುದ್ಧಿ ಬಂತು ಎಂದುಕೊಂಡೆ, ಸಂತೋಷವೂ ಆಯಿತು.

ಬುದ್ಧಿ ಬಂದದ್ದು ಹೌದು. ಮರುದಿನವೇ ಲೋಕನಾಥರು ಗಣಪತಿ ಪಟವನ್ನು ಹೊರಗಿನ ಜಗಲಿಗೆ ತಂದು ಮೊಳೆ ಹೊಡೆದರು. ದೀಪ ಇನ್ನು ಅಲ್ಲೇ. ಆಮೇಲೆ ಶಟರ್ ಎಳೆದರು. ಚಿತ್ರಾ ಒಳಗೆ, ಡಬ್ಬಿ ಒಳಗೆ, ಬಟ್ಟೆ ಒಳಗೆ. ನನಗೆ ಮೈ ಉರಿಯಿತು. ದೇವರಿಗೆ ಬೇಕಾದ ಗಾಳಿ ಅವಳಿಗೆ ಬೇಡವೇ?

ಶುಕ್ರವಾರ ಸಂಜೆ ದೀಪ ಹಚ್ಚುವುದು ಈಗ ಅವಳ ಕೆಲಸ. ಗಾಳಿಗೆ ಆರಬಾರದೆಂದು ಉರಿದು ಮುಗಿಯುವವರೆಗೆ ಜಗಲಿಯಲ್ಲಿ ಪಕ್ಕದಲ್ಲೇ ಕೂರಬೇಕು, ಮುಗಿದ ಮೇಲೆ ಮತ್ತೆ ಒಳಗೆ. ಅಂಗಡಿಯಿಂದ ನಾನು ನೋಡುತ್ತಿರುತ್ತೇನೆ. ಒಮ್ಮೆ ಶಟರಿನ ಕಡೆ ತಿರುಗಿ ನೋಡಿ, ಅವಳು ದೀಪಕ್ಕೆ ಇನ್ನೂ ಸ್ವಲ್ಪ ಎಣ್ಣೆ ಹೊಯ್ಯುತ್ತಾಳೆ.